ವಿಡಿಯೊ ಗೇಮ್ ಸಾಹಸ ಕಥೆ

ವಿಡಿಯೊ ಅಥವಾ ಕಂಪ್ಯೂಟರ್ ಆಟವೊಂದನ್ನು ಕಥೆ ನಡೆಯುವ ಜಾಗವನ್ನಾಗಿ ಇಲ್ಲವೆ ಕಥೆಯನ್ನು ನಡೆಸುವ ಸಂಗತಿಯನ್ನಾಗಿ ಇಟ್ಟುಕೊಂಡು, ಹೆಚ್ಚಾಗಿ 8ರಿಂದ 18 ವರ್ಷದ ಓದುಗರಿಗಾಗಿ ಬರೆದ ವೈಜ್ಞಾನಿಕ ಸಾಹಸ ಕಥನವನ್ನು ವಿಡಿಯೊ ಗೇಮ್ ಸಾಹಸ ಕಥೆ ಎನ್ನುತ್ತಾರೆ. ಇದರ ಮುಖ್ಯ ಪಾತ್ರ ಸಾಮಾನ್ಯವಾಗಿ ಆಟದಲ್ಲಿ ಪಳಗಿದ, ಮನೆಯಲ್ಲೂ ಶಾಲೆಯಲ್ಲೂ ಅಷ್ಟಾಗಿ ಲೆಕ್ಕಕ್ಕಿಲ್ಲದ ಹುಡುಗ ಅಥವಾ ಹುಡುಗಿ. ಆ ಮಗು ಆಟದೊಳಗೆ ಹೋಗುತ್ತದೆ, ಇಲ್ಲವೆ ಆಟವೇ ಹೊರಗೆ ಬರುತ್ತದೆ, ಅದೂ ಅಲ್ಲವಾದರೆ ಇಷ್ಟು ದಿನ ಆಡಿದ್ದು ಆಟವೇ ಆಗಿರಲಿಲ್ಲವೆಂದು ತಡವಾಗಿ ತಿಳಿಯುತ್ತದೆ. ಈ ಪ್ರಕಾರದ ಬಹುಪಾಲು ಕಥೆಗಳು ಈ ಮೂರರಲ್ಲಿ ಒಂದು ಹಾದಿ ಹಿಡಿದವು.

ಈ ಲೇಖನದಲ್ಲಿ ಆಟದೊಳಗಿನ ಕಲ್ಪಿತ ಜಗತ್ತನ್ನು ‘ಆಟಲೋಕ’ ಎಂದೂ, ಅಲ್ಲಿ ಆಟಗಾರ ತೊಡುವ ರೂಪವನ್ನು ‘ಅವತಾರ’ ಎಂದೂ, ಸತ್ತ ಮೇಲೆ ಮತ್ತೆ ಆಡಲು ಸಿಗುವ ಅವಕಾಶವನ್ನು ‘ಮರುಜೀವ’ ಎಂದೂ ಕರೆಯಲಾಗಿದೆ. ಮಾರುಕಟ್ಟೆಯಲ್ಲಿರುವ ಆಟದ ಕಥೆಯನ್ನೇ ಪುಸ್ತಕವಾಗಿಸಿದ ಕೃತಿಗಳು, ಆಟದ ಸ್ಪರ್ಧೆಗಳ ಸುತ್ತ ಹೆಣೆದ ವಾಸ್ತವಿಕ ಕಾದಂಬರಿಗಳು ಈ ಪ್ರಕಾರದ ಅಂಚಿನಲ್ಲಿ ನಿಲ್ಲುತ್ತವೆ.

ಹುಟ್ಟು

ಆಟಗಳು ಹುಟ್ಟುವುದಕ್ಕೂ ಮುಂಚೆಯೇ ಅವುಗಳ ಕಥೆ ಹುಟ್ಟಿತ್ತು. ಅಮೆರಿಕದ ಸ್ಟ್ಯಾನ್ಲಿ ವೈನ್‌ಬಾಮ್ 1935ರಲ್ಲಿ ಪ್ರಕಟಿಸಿದ ‘ಪಿಗ್ಮೇಲಿಯನ್ಸ್ ಸ್ಪೆಕ್ಟಕಲ್ಸ್’ ಕಥೆಯಲ್ಲಿ ಪ್ರಾಧ್ಯಾಪಕನೊಬ್ಬ ತಯಾರಿಸಿದ ಕನ್ನಡಕ ಹಾಕಿಕೊಂಡವನು ಕಥೆಯೊಂದರ ಒಳಗೇ ನಡೆದಾಡುತ್ತಾನೆ. ರೇ ಬ್ರಾಡ್‌ಬರಿಯ ‘ದ ವೆಲ್ಟ್’ (1950) ಕಥೆಯ ಮಕ್ಕಳ ಕೋಣೆ, ಮಕ್ಕಳು ಬಯಸಿದ ದೃಶ್ಯವನ್ನು ಗೋಡೆಗಳ ಮೇಲೆ ಮೂಡಿಸುತ್ತದೆ. ಅಲ್ಲಿನ ಆಫ್ರಿಕಾದ ಹುಲ್ಲುಗಾವಲು, ಅದರ ಸಿಂಹಗಳು ಕೊನೆಗೆ ನಿಜವಾಗಿಬಿಡುತ್ತವೆ. ಆರ್ಥರ್ ಸಿ. ಕ್ಲಾರ್ಕ್ ಇನ್ನೂ ಮುಂದೆ ಹೋದರು. ಅವರ ‘ದ ಸಿಟಿ ಅಂಡ್ ದ ಸ್ಟಾರ್ಸ್’ (1956) ಕಾದಂಬರಿ ತೆರೆದುಕೊಳ್ಳುವುದೇ ಇಂಥ ಒಂದು ಆಟದೊಳಗೆ. ಗೆಳೆಯರು ಒಟ್ಟಾಗಿ ಕಲ್ಪಿತ ಗುಹೆಯಲ್ಲಿ ಸಾಹಸಕ್ಕೆ ಹೊರಟಿದ್ದಾರೆ. ಆಲ್ವಿನ್ ಎಂಬ ಯುವಕ ಆಟ ಅನುಮತಿಸದ ದಿಕ್ಕಿಗೆ, ಅಂದರೆ ಹೊರಕ್ಕೆ, ಹೋಗಬೇಕೆಂದು ಹಟ ಹಿಡಿದು ಎಲ್ಲರ ಆಟ ಕೆಡಿಸುತ್ತಾನೆ. ಹಲವರು ಸೇರಿ ಆಡುವ ಆಟಲೋಕದ ಕಲ್ಪನೆ ಇಷ್ಟು ಸ್ಪಷ್ಟವಾಗಿ ಬರವಣಿಗೆಗೆ ಬಂದಾಗ ಮನೆಯಲ್ಲಿ ಆಡುವ ವಿಡಿಯೊ ಗೇಮ್ ಎಂಬುದೇ ಇರಲಿಲ್ಲ.

ಮುಂದೆ ಸಾಹಿತ್ಯದಿಂದ ಆಟಕ್ಕೆ, ಆಟದಿಂದ ಸಾಹಿತ್ಯಕ್ಕೆ ಕೊಡುಕೊಳ್ಳುವಿಕೆ ನಡೆಯಿತು. 1962ರಲ್ಲಿ ಎಂಐಟಿಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಪಿಡಿಪಿ-1 ಕಂಪ್ಯೂಟರಿಗೆ ಬರೆದ ‘ಸ್ಪೇಸ್‌ವಾರ್’ ಆಟಕ್ಕೆ ಇ. ಇ. ಸ್ಮಿತ್ ಅವರ ಬಾಹ್ಯಾಕಾಶ ಕಾದಂಬರಿಗಳ ಓದು ಪ್ರೇರಣೆ. 1978ರಲ್ಲಿ ಜಪಾನಿನ ಟೊಮೊಹಿರೊ ನಿಶಿಕಾಡೊ ‘ಸ್ಪೇಸ್ ಇನ್‌ವೇಡರ್ಸ್’ ರೂಪಿಸಿದಾಗ ಎಚ್. ಜಿ. ವೆಲ್ಸ್ ವರ್ಣಿಸಿದ ಮಂಗಳಗ್ರಹದ ಜೀವಿಗಳ ಆಕಾರ ಅವರ ಮನಸ್ಸಿನಲ್ಲಿತ್ತು. ಅದರ ಹಿಂದೆಯೇ ನಾಣ್ಯ ಹಾಕಿ ಆಡುವ ಆರ್ಕೇಡ್‌ಗಳು ಊರೂರಿಗೆ ಬಂದವು. ವ್ಯಾಂಕೂವರಿನ ಆರ್ಕೇಡೊಂದರಲ್ಲಿ ಪರದೆಗೆ ಕಣ್ಣು ಕೀಲಿಸಿ ನಿಂತ ಮಕ್ಕಳನ್ನು ಕಂಡದ್ದೇ ‘ಸೈಬರ್‌ಸ್ಪೇಸ್’ ಕಲ್ಪನೆಗೆ ಒಂದು ಮೂಲವೆಂದು ‘ನ್ಯೂರೊಮ್ಯಾನ್ಸರ್’ (1984) ಬರೆದ ವಿಲಿಯಂ ಗಿಬ್ಸನ್ ಹೇಳಿಕೊಂಡಿದ್ದಾರೆ.

ಈ ಪ್ರಕಾರದ ಮೂರು ಹಾದಿಗಳನ್ನು ಜನಪ್ರಿಯಗೊಳಿಸಿದ್ದು ಪುಸ್ತಕಕ್ಕಿಂತ ಸಿನಿಮಾ ಎನ್ನಬೇಕು. ಸ್ಟೀವನ್ ಲಿಸ್‌ಬರ್ಗರ್ ನಿರ್ದೇಶನದ ‘ಟ್ರಾನ್’ (1982) ಚಿತ್ರದಲ್ಲಿ ಲೇಸರ್ ಕಿರಣ ಮನುಷ್ಯನನ್ನು ಕಂಪ್ಯೂಟರಿನೊಳಗೆ ಎಳೆದುಕೊಳ್ಳುತ್ತದೆ. ಮರುವರ್ಷದ ‘ವಾರ್‌ಗೇಮ್ಸ್’ನಲ್ಲಿ ಹೊಸ ಆಟ ಹುಡುಕುತ್ತ ಹೊರಟ ಶಾಲಾಹುಡುಗ, ಗೊತ್ತಿಲ್ಲದೆ ಅಮೆರಿಕದ ಸೇನಾ ಕಂಪ್ಯೂಟರಿಗೆ ನುಗ್ಗಿ ಅಣುಯುದ್ಧದ ‘ಆಟ’ ಶುರುಮಾಡುತ್ತಾನೆ. ‘ದ ಲಾಸ್ಟ್ ಸ್ಟಾರ್‌ಫೈಟರ್’ (1984) ಚಿತ್ರದ ಅಲೆಕ್ಸ್ ರೋಗನ್ ಟ್ರೇಲರ್ ಮನೆಗಳ ಬಡಾವಣೆಯೊಂದರ ಹುಡುಗ. ಅಲ್ಲಿದ್ದ ಆರ್ಕೇಡ್ ಆಟದಲ್ಲಿ ಅವನು ದಾಖಲೆ ಮುರಿಯುತ್ತಿದ್ದಂತೆ ಬೇರೆ ಲೋಕದವನೊಬ್ಬ ಕಾರಿನಲ್ಲಿ ಬಂದಿಳಿಯುತ್ತಾನೆ. ಆ ಯಂತ್ರವನ್ನು ಅಲ್ಲಿಟ್ಟದ್ದೇ ನಿಜವಾದ ಯುದ್ಧಕ್ಕೆ ಯೋಧರನ್ನು ಆರಿಸಲೆಂದು. ಆಟದಲ್ಲಿ ಗಳಿಸಿದ ಚಾಕಚಕ್ಯತೆ ಎಲ್ಲೋ ಒಂದು ಕಡೆ ಕೆಲಸಕ್ಕೆ ಬಂದೇ ಬರುತ್ತದೆ ಎಂಬ ಮಕ್ಕಳ ಗುಟ್ಟಿನ ನಂಬಿಕೆಗೆ ಇದಕ್ಕಿಂತ ನೇರವಾದ ಕಥೆ ಇನ್ನೊಂದಿಲ್ಲ. ಚಿತ್ರದ ಬಾಹ್ಯಾಕಾಶ ನೌಕೆಗಳನ್ನು ಕ್ರೇ ಎಕ್ಸ್-ಎಂಪಿ ಸೂಪರ್‌ಕಂಪ್ಯೂಟರಿನಲ್ಲಿ ಬಿಡಿಸಲಾಗಿತ್ತು.

ರಚನೆ

ಆಟಕ್ಕೂ ಕಥೆಗೂ ಒಂದು ಮೂಲಭೂತ ಜಗಳವಿದೆ. ಆಟದಲ್ಲಿ ಸತ್ತರೆ ನಷ್ಟವಿಲ್ಲ. ‘ಲೈಫ್ ಹೋಯ್ತು’ ಎಂದು ಗೊಣಗಿ ಮಗು ಮತ್ತೆ ಗುಂಡಿ ಒತ್ತುತ್ತದೆ. ಕಥೆಯಲ್ಲಿ ಹಾಗಾಗುವಂತಿಲ್ಲ, ಹೋದದ್ದು ಹೋಗಲೇಬೇಕು, ಇಲ್ಲದಿದ್ದರೆ ಓದುಗನಿಗೆ ಭಯವೂ ಇಲ್ಲ, ಕುತೂಹಲವೂ ಇಲ್ಲ. ಹಾಗಾಗಿ ಈ ಪ್ರಕಾರದ ಪ್ರತಿಯೊಬ್ಬ ಲೇಖಕನೂ ಮೊದಲು ಬಗೆಹರಿಸಬೇಕಾದ ಪ್ರಶ್ನೆ ಮರುಜೀವದ್ದು. ಅದನ್ನು ಕಿತ್ತುಕೊಳ್ಳಬೇಕು, ಇಲ್ಲವೆ ಅದಕ್ಕೆ ಬೆಲೆ ಕಟ್ಟಬೇಕು. ಕಥೆ ಗೆಲ್ಲುವುದೂ ಸೋಲುವುದೂ ಬಹಳಮಟ್ಟಿಗೆ ಇಲ್ಲೇ.

ಅಮೆರಿಕದ ವಿವಿಯನ್ ವ್ಯಾಂಡೆ ವೆಲ್ಡೆ ಅವರ ‘ಏರ್ ಅಪ್ಯಾರೆಂಟ್’ (2002) ಇದನ್ನು ಚೊಕ್ಕವಾಗಿ ಮಾಡಿದ ಕಾದಂಬರಿ. ಹದಿನಾಲ್ಕರ ಜಿಯನೀನ್ ಹುಟ್ಟುಹಬ್ಬಕ್ಕೆ ಸಿಕ್ಕ ಉಡುಗೊರೆ ಚೀಟಿ ಹಿಡಿದು ಆಟದ ಕೇಂದ್ರಕ್ಕೆ ಹೋಗಿ, ಮಿದುಳಿಗೆ ನೇರ ಸಂಪರ್ಕವಿರುವ ಆಟವೊಂದರಲ್ಲಿ ಮಲಗುತ್ತಾಳೆ. ಆಟಗಳು ಮಕ್ಕಳನ್ನು ಕೆಡಿಸುತ್ತವೆಂದು ಪ್ರತಿಭಟಿಸುತ್ತಿದ್ದವರು ಒಳನುಗ್ಗಿ ಯಂತ್ರಕ್ಕೆ ಹಾನಿ ಮಾಡುತ್ತಾರೆ. ಇನ್ನು ಅವಳನ್ನು ಹೊರಗಿನಿಂದ ಎಬ್ಬಿಸುವಂತಿಲ್ಲ. ಆಟ ಗೆದ್ದೇ ಹೊರಬರಬೇಕು, ಅದೂ ಮಿದುಳು ಸೋಲುವುದರೊಳಗೆ. ಆಟದೊಳಗೆ ಅವಳು ಕುರಿ ಕಾಯುವ ಹುಡುಗಿ, ಸಿಂಹಾಸನಕ್ಕೆ ಅನಿರೀಕ್ಷಿತ ವಾರಸುದಾರಳು. ಕಾವಲುಗಾರನಿಗೆ ಒಂದು ಮಾತು ತಪ್ಪಿ ಆಡಿದರೂ ಸಾವು, ಮತ್ತೆ ಮೊದಲಿನಿಂದ ಶುರು. ಇಲ್ಲಿ ಮರುಜೀವ ಎಷ್ಟು ಬೇಕಾದರೂ ಸಿಗುತ್ತದೆ, ಆದರೆ ಹೊರಗೆ ಗಡಿಯಾರ ಓಡುತ್ತಿರುತ್ತದೆ. ಅದೇ ದೃಶ್ಯವನ್ನು ಅವಳು ಮತ್ತೆ ಮತ್ತೆ ಆಡಿದಾಗಲೂ ಓದುಗನಿಗೆ ಬೇಸರವಾಗದಿರುವುದು ಆ ಗಡಿಯಾರದಿಂದ.

ಎರಡನೆಯ ಮುಖ್ಯ ಅಂಗ ಪ್ರವೇಶದ ಬಗೆ. ಶಿರಸ್ತ್ರಾಣ, ಕಣ್ಣಿನ ಲೆನ್ಸ್, ಮಿದುಳಿನ ತಂತಿ, ಲೇಸರ್ ಹೀಗೆ ಯಂತ್ರದ ವಿವರಣೆ ಇದ್ದರೆ ಕೃತಿ ವೈಜ್ಞಾನಿಕ ಕಥೆಯ ಕಡೆಗೆ ವಾಲುತ್ತದೆ; ಪರದೆ ಸುಮ್ಮನೆ ನುಂಗಿಬಿಟ್ಟರೆ ಜಾನಪದ ಕಥೆಯ ಕಡೆಗೆ. ಚಿಕ್ಕ ಮಕ್ಕಳ ಪುಸ್ತಕಗಳು ಎರಡನೆಯದನ್ನೇ ಇಷ್ಟಪಡುತ್ತವೆ. ನಿಯಮಗಳ ಸ್ಪಷ್ಟತೆ ಮಾತ್ರ ಎರಡಕ್ಕೂ ಬೇಕು. ಆಟವಾಡುವ ಓದುಗ ಈ ವಿಷಯದಲ್ಲಿ ಕಟ್ಟುನಿಟ್ಟು. ಮೂರನೇ ಅಧ್ಯಾಯದಲ್ಲಿ ಇಲ್ಲದ ಶಕ್ತಿ ಇಪ್ಪತ್ತನೆಯದರಲ್ಲಿ ನಾಯಕನಿಗೆ ದಿಢೀರನೆ ಬಂದರೆ ಅವನ ಪಾಲಿಗೆ ಅದು ಮೋಸ.

ವಿಧಗಳು

ಆಟವೇ ನಿಜವಾದ ಕಥೆಗಳು. ಈ ಬಗೆಗೆ ಮಾದರಿ ಆರ್ಸನ್ ಸ್ಕಾಟ್ ಕಾರ್ಡ್ ಅವರ ‘ಎಂಡರ್ಸ್ ಗೇಮ್’. 1977ರಲ್ಲಿ ‘ಅನಲಾಗ್’ ಪತ್ರಿಕೆಯಲ್ಲಿ ಕಥೆಯಾಗಿ ಬಂದದ್ದು 1985ರಲ್ಲಿ ಕಾದಂಬರಿಯಾಗಿ ಬೆಳೆದು ನೆಬ್ಯುಲಾ, ಹ್ಯೂಗೊ ಪ್ರಶಸ್ತಿಗಳೆರಡನ್ನೂ ಪಡೆಯಿತು. ಎಂಡರ್ ವಿಗಿನ್ ಆರು ವರ್ಷದವನಿದ್ದಾಗಲೇ ಅವನನ್ನು ಬಾಹ್ಯಾಕಾಶದ ಯುದ್ಧಶಾಲೆಗೆ ಒಯ್ಯುತ್ತಾರೆ. ಅಲ್ಲಿ ಪಾಠವೆಲ್ಲ ಆಟದ ರೂಪದಲ್ಲೇ. ಬಿಡುವಿನಲ್ಲಿ ಅವನು ಆಡುವ ಒಂದು ಆಟದಲ್ಲಿ ರಾಕ್ಷಸನೊಬ್ಬ ಎರಡು ಲೋಟ ಮುಂದಿಟ್ಟು ಒಂದನ್ನು ಆರಿಸೆನ್ನುತ್ತಾನೆ. ಯಾವುದನ್ನು ಕುಡಿದರೂ ಸಾವು. ಹಲವು ಸಲ ಸತ್ತ ಮೇಲೆ ಎಂಡರ್ ಲೋಟ ಒದ್ದು, ರಾಕ್ಷಸನ ಮೈಮೇಲೆ ಹಾರಿ, ಅವನ ಕಣ್ಣನ್ನೇ ಬಗೆದು ಒಳಹೋಗುತ್ತಾನೆ. ಆಟ ಮುಂದಿನ ಲೋಕಕ್ಕೆ ತೆರೆದುಕೊಳ್ಳುತ್ತದೆ. ತಾನು ಕೊಲೆಗಾರನಾದೆನೆಂಬ ಅಳುಕು ಹುಡುಗನಲ್ಲಿ ಉಳಿಯುತ್ತದೆ. ಕಾದಂಬರಿಯ ಕೊನೆಯಲ್ಲಿ ಅಂತಿಮ ಪರೀಕ್ಷೆಯೆಂದು ಆಡಿದ ಕಾಳಗ ನಿಜವಾಗಿತ್ತೆಂದೂ, ತಾನು ಒಂದು ಗ್ರಹದ ಜೀವಸಂಕುಲವನ್ನೇ ಅಳಿಸಿದೆನೆಂದೂ ಅವನಿಗೆ ತಿಳಿಯುವ ಹೊತ್ತಿಗೆ, ಆ ಎರಡು ಲೋಟಗಳ ದೃಶ್ಯ ಬರಿಯ ಆಟವಾಗಿರಲಿಲ್ಲ ಎಂಬುದು ಓದುಗನಿಗೂ ಹೊಳೆಯುತ್ತದೆ. ಮರುಜೀವವೇ ಇಲ್ಲದ ಆಟವನ್ನು ಇದೆಯೆಂದು ನಂಬಿಸಿ ಆಡಿಸಿದ ಕಥೆಯಿದು. ಗೇವಿನ್ ಹುಡ್ 2013ರಲ್ಲಿ ಇದನ್ನು ಚಿತ್ರವಾಗಿಸಿದರು.

ಬ್ರಿಟನ್ನಿನ ಟೆರ್ರಿ ಪ್ರಾಚೆಟ್ ಅದೇ ಪ್ರಶ್ನೆಯನ್ನು ನಗುತ್ತ ಕೇಳಿದರು. ‘ಓನ್ಲಿ ಯು ಕ್ಯಾನ್ ಸೇವ್ ಮ್ಯಾನ್‌ಕೈಂಡ್’ (1992) ಕಾದಂಬರಿಯ ಹನ್ನೆರಡರ ಜಾನಿ ಮ್ಯಾಕ್ಸ್‌ವೆಲ್ ಗೆಳೆಯ ಕದ್ದು ನಕಲು ಮಾಡಿಕೊಟ್ಟ ಆಟವೊಂದನ್ನು ಆಡುತ್ತಿರುವಾಗ ಪರದೆಯ ಮೇಲಿನ ಶತ್ರುಗಳು ಗುಂಡು ಹಾರಿಸುವುದನ್ನು ಬಿಟ್ಟು ಮಾತುಕತೆಗೆ ಕರೆಯುತ್ತಾರೆ, ಶರಣಾಗುತ್ತಾರೆ. ಇನ್ನು ಅವರನ್ನು ಸುರಕ್ಷಿತವಾಗಿ ಮನೆ ಸೇರಿಸುವ ಹೊಣೆ ಜಾನಿಯದು. ಇತ್ತ ಆಟ ಕೊಂಡ ಉಳಿದವರಿಗೆ ಖಾಲಿ ಆಕಾಶ ಬಿಟ್ಟರೆ ಏನೂ ಕಾಣದೆ ದೂರುಗಳು ಶುರುವಾಗುತ್ತವೆ. ಅದೇ ಹೊತ್ತಿಗೆ ಟಿವಿಯಲ್ಲಿ 1991ರ ಕೊಲ್ಲಿ ಯುದ್ಧ ಓಡುತ್ತಿದೆ. ಕ್ಷಿಪಣಿಯ ಕ್ಯಾಮೆರಾ ತೋರಿಸುವ ಚಿತ್ರಕ್ಕೂ ಜಾನಿಯ ಪರದೆಗೂ ವ್ಯತ್ಯಾಸ ಕಾಣದು. ಇಷ್ಟು ಭಾರದ ವಸ್ತುವನ್ನು ಮಕ್ಕಳ ಕೈಗೆ ಇಷ್ಟು ಹಗುರಾಗಿ ಕೊಟ್ಟ ಪುಸ್ತಕಗಳು ವಿರಳ.

ಒಳಗೆ ಸಿಕ್ಕಿಬೀಳುವ ಕಥೆಗಳು. ಸಂಖ್ಯೆಯಲ್ಲಿ ಇವೇ ಹೆಚ್ಚು. ಆಸ್ಟ್ರೇಲಿಯಾದ ಗಿಲಿಯನ್ ರೂಬಿನ್‌ಸ್ಟೈನ್ ಅವರ ‘ಸ್ಪೇಸ್ ಡೀಮನ್ಸ್’ (1986) ಈ ಸಾಲಿನ ಮೊದಲ ಕೃತಿಗಳಲ್ಲಿ ಒಂದು. ಜಪಾನಿನಿಂದ ತಂದ, ಇನ್ನೂ ಮಾರುಕಟ್ಟೆಗೆ ಬಾರದ ಆಟವೊಂದು ನಾಲ್ವರು ಮಕ್ಕಳನ್ನು ಒಬ್ಬೊಬ್ಬರಾಗಿ ಒಳಗೆಳೆಯುತ್ತದೆ. ಅಲ್ಲಿನ ಬಂದೂಕು ನಡೆಯುವುದು ಆಡುವವನ ದ್ವೇಷದ ಬಲದಿಂದ. ಶತ್ರುವನ್ನು ಹೊಡೆದಷ್ಟೂ ಶತ್ರು ಬಲಿಯುತ್ತಾನೆ. ಮಕ್ಕಳು ತಮ್ಮತಮ್ಮೊಳಗಿನ ಹಗೆಯನ್ನು ಒಪ್ಪಿಕೊಂಡಾಗಲೇ ಬಿಡುಗಡೆಯ ದಾರಿ ಕಾಣುತ್ತದೆ. ‘ಸ್ಕೈಮೇಜ್’, ‘ಶಿಂಕೇ’ ಇದರ ಮುಂದಿನ ಭಾಗಗಳು. ಇದೇ ಲೇಖಕಿ ಮುಂದೆ ಲಿಯಾನ್ ಹರ್ನ್ ಎಂಬ ಹೆಸರಿನಲ್ಲಿ ಓಟೊರಿ ಕಥಾಮಾಲೆ ಬರೆದು ಪ್ರಸಿದ್ಧರಾದರು. ಜೇಮ್ಸ್ ಡ್ಯಾಶ್ನರ್ ಅವರ ‘ದ ಐ ಆಫ್ ಮೈಂಡ್ಸ್’ (2013) ಹದಿಹರೆಯದವರಿಗೆ, ಡಸ್ಟಿನ್ ಬ್ರೇಡಿ ಅವರ ‘ಟ್ರ್ಯಾಪ್ಡ್ ಇನ್ ಎ ವಿಡಿಯೊ ಗೇಮ್’ ಸರಣಿ ಇನ್ನೂ ಚಿಕ್ಕವರಿಗೆ ಇದೇ ಹಾದಿಯಲ್ಲಿ ಬಂದವು. ಬ್ರೇಡಿಯ ನಾಯಕ ಜೆಸ್ಸಿಗೆ ವಿಡಿಯೊ ಗೇಮ್ ಎಂದರೇ ಆಗದು. ಆಟ ಗೊತ್ತಿಲ್ಲದ ಓದುಗನಿಗೂ ಅವನ ಜತೆಗೇ ಎಲ್ಲ ತಿಳಿಯುತ್ತ ಹೋಗುವ ಅನುಕೂಲ ಇದರಿಂದ ಸಿಕ್ಕಿದೆ.

ಆಟವೇ ಸಮಾಜವಾದ ಕಥೆಗಳು. ಇಲ್ಲಿ ಆಟಲೋಕಕ್ಕೆ ಹೋಗಿಬರುವುದು ಪೇಟೆಗೆ ಹೋಗಿಬಂದಷ್ಟು ಸಹಜ. ಐರ್ಲೆಂಡಿನ ಕಾನರ್ ಕೋಸ್ಟಿಕ್ ಅವರ ‘ಎಪಿಕ್’ (2004) ಕಾದಂಬರಿಯ ಹೊಸ ಭೂಮಿಯಲ್ಲಿ ಹಿಂಸೆ ನಿಷಿದ್ಧ. ಆಸ್ತಿ, ಶಿಕ್ಷಣ, ನ್ಯಾಯ ಎಲ್ಲವೂ ಒಂದು ಆಟದಲ್ಲೇ ತೀರ್ಮಾನವಾಗಬೇಕು. ಪಗಡೆಯ ಹಾಸಿನ ಮೇಲೆ ರಾಜ್ಯ ಕಳೆದುಕೊಂಡ ಕಥೆ ಕೇಳಿ ಬೆಳೆದ ಕನ್ನಡದ ಓದುಗರಿಗೆ ಇದರಲ್ಲಿ ಅಚ್ಚರಿಯೇನೂ ಕಾಣಲಿಕ್ಕಿಲ್ಲ. ಅವತಾರ ರೂಪಿಸುವಾಗ ಸಿಗುವ ಅಂಕಗಳನ್ನು ಉಳಿದವರೆಲ್ಲ ಕಾಳಗದ ಕೌಶಲಕ್ಕೆ ಸುರಿಯುತ್ತಾರೆ, ಹಾಗಾಗಿ ಎಲ್ಲರ ಅವತಾರವೂ ಬಣ್ಣಗೆಟ್ಟ ಬೂದು ಆಕೃತಿ. ಎರಿಕ್ ಎಂಬ ಹುಡುಗ ಮಾತ್ರ ಬೇಸತ್ತು, ಅಂಕಗಳನ್ನು ಸೌಂದರ್ಯಕ್ಕೆ ಹಾಕಿ ಸಿಂಡೆಲ್ಲಾ ಎಂಬ ಕತ್ತಿವೀರಳಾಗುತ್ತಾನೆ. ಲೆಕ್ಕಾಚಾರಕ್ಕೆ ಮೂರ್ಖತನವೆನಿಸಿದ ಈ ಆಯ್ಕೆಯಿಂದ, ಶತಮಾನಗಳಿಂದ ಯಾರೂ ಮಾತಾಡಿಸದಿದ್ದ ಆಟದ ಪಾತ್ರಗಳು ಅವನೊಡನೆ ಮಾತಿಗೆ ಬರುತ್ತವೆ. ಆಟ ವಿನ್ಯಾಸವನ್ನು ಒಳಗಿನಿಂದ ಬಲ್ಲವರು ಮಾತ್ರ ಬರೆಯಬಹುದಾದ ತಿರುವು ಅದು.

ಈ ಗುಂಪಿನಲ್ಲಿ ಹೆಚ್ಚು ಮಾರಾಟವಾದದ್ದು ಅರ್ನೆಸ್ಟ್ ಕ್ಲೈನ್ ಅವರ ‘ರೆಡಿ ಪ್ಲೇಯರ್ ಒನ್’ (2011). ‘ಒಯಾಸಿಸ್’ ಎಂಬ ಆಟಲೋಕವನ್ನು ಕಟ್ಟಿದ ಜೇಮ್ಸ್ ಹ್ಯಾಲಿಡೇ ಸಾಯುವ ಮುನ್ನ ಅದರೊಳಗೆ ಒಂದು ಗುಟ್ಟು ಬಚ್ಚಿಟ್ಟಿದ್ದಾನೆ. ಮೂರು ಕೀಲಿ, ಮೂರು ಬಾಗಿಲು ದಾಟಿ ಅದನ್ನು ಪತ್ತೆ ಮಾಡಿದವರಿಗೆ ಅವನ ಸಮಸ್ತ ಆಸ್ತಿ. ಇದರ ಹಿಂದೆ ನಿಜವಾದ ಇತಿಹಾಸವಿದೆ. ಅಟಾರಿ ಕಂಪನಿ ಆಟ ಬರೆದವರ ಹೆಸರನ್ನು ಎಲ್ಲೂ ಹಾಕುತ್ತಿರಲಿಲ್ಲ. ಅದಕ್ಕೆ ವಾರೆನ್ ರಾಬಿನೆಟ್ ತಮ್ಮ ‘ಅಡ್ವೆಂಚರ್’ ಆಟದಲ್ಲಿ ಕಣ್ಣಿಗೆ ಬೀಳದ ಬೂದು ಚುಕ್ಕೆಯೊಂದನ್ನು ಇಟ್ಟರು. ಅದನ್ನು ಹೊತ್ತು ಸರಿಯಾದ ಗೋಡೆಯ ಬಳಿ ಹೋದರೆ ಗುಪ್ತ ಕೋಣೆ ತೆರೆದು ಅವರ ಹೆಸರು ಕಾಣುತ್ತಿತ್ತು. ಕ್ಲೈನ್ ಕಾದಂಬರಿಯ ಕೊನೆಯ ಸವಾಲು ಈ ಆಟದ್ದೇ. 2018ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ಇದನ್ನು ತೆರೆಗೆ ತಂದರು. 1980ರ ದಶಕದ ಹಾಡು, ಸಿನಿಮಾ, ಆಟಗಳ ಪಟ್ಟಿಯಲ್ಲೇ ಕಾದಂಬರಿ ಮುಳುಗಿದೆ ಎಂಬ ಟೀಕೆಯೂ ಇದಕ್ಕೆ ಬಂದಿದೆ, ಅದರಲ್ಲಿ ಹುರುಳಿಲ್ಲದೆ ಇಲ್ಲ.

ಆಟದ ಕಂಪನಿಯಲ್ಲಿ ಕಲಾವಿದೆಯಾಗಿದ್ದ ಮೇರಿ ಲು ಅವರ ‘ವಾರ್‌ಕ್ರಾಸ್’ (2017) ಈ ಬಗೆಯನ್ನು ಟೋಕಿಯೊಗೆ ಒಯ್ದು, ಆಟ ಆಡಿಸುವ ಕಂಪನಿಗೆ ಆಡುವವರ ಮಿದುಳಿನ ಮೇಲೆ ಎಷ್ಟು ಹಿಡಿತವಿರಬಹುದೆಂಬ ಪ್ರಶ್ನೆ ಎತ್ತುತ್ತದೆ. ಕೋರಿ ಡಾಕ್ಟರೊ ಅವರ ‘ಫಾರ್ ದ ವಿನ್’ (2010) ನೋಡುವುದು ಆಟದ ಹಿಂಬಾಗಿಲಿನ ದುಡಿಮೆಯನ್ನು. ಶ್ರೀಮಂತ ದೇಶಗಳ ಆಟಗಾರರಿಗೆ ಮಾರಲು ಆಟದೊಳಗೆ ಚಿನ್ನ ಗಳಿಸುವ ಚೀನಾದ ಹುಡುಗರು, ಮುಂಬೈ ಧಾರಾವಿಯ ಮಾಲಾ ಎಂಬ ಹುಡುಗಿ, ಇವರೆಲ್ಲ ಸೇರಿ ಕಾರ್ಮಿಕ ಸಂಘ ಕಟ್ಟುತ್ತಾರೆ.

ಓದುಗನೇ ಆಡುವ ಪುಸ್ತಕಗಳು. ಎಡ್ವರ್ಡ್ ಪ್ಯಾಕರ್ಡ್ ಅವರ ‘ದ ಕೇವ್ ಆಫ್ ಟೈಮ್’ನಿಂದ (1979) ಶುರುವಾದ ‘ಚೂಸ್ ಯುವರ್ ಓನ್ ಅಡ್ವೆಂಚರ್’ ಸರಣಿಯಲ್ಲಿ ಪುಟದ ಕೆಳಗೆ ಆಯ್ಕೆ ಇರುತ್ತದೆ: ಗುಹೆಗೆ ಹೋಗುವುದಾದರೆ ಇಂಥ ಪುಟ, ವಾಪಸಾಗುವುದಾದರೆ ಇಂಥದ್ದು. 1982ರಲ್ಲಿ ಸ್ಟೀವ್ ಜಾಕ್ಸನ್ ಮತ್ತು ಇಯನ್ ಲಿವಿಂಗ್‌ಸ್ಟನ್ ‘ದ ವಾರ್ಲಾಕ್ ಆಫ್ ಫೈರ್‌ಟಾಪ್ ಮೌಂಟನ್’ ಮೂಲಕ ಇದಕ್ಕೆ ದಾಳ, ಪೆನ್ಸಿಲ್ಲು, ಬಲ–ಕೌಶಲ–ಅದೃಷ್ಟದ ಅಂಕಗಳನ್ನು ಸೇರಿಸಿದರು; ಮರುವರ್ಷದ ‘ಸ್ಟಾರ್‌ಶಿಪ್ ಟ್ರಾವೆಲರ್’ ಆ ಸರಣಿಯನ್ನು ಬಾಹ್ಯಾಕಾಶಕ್ಕೆ ಒಯ್ದಿತು. ಹಿಂದಿನ ಪುಟದಲ್ಲಿ ಬೆರಳಿಟ್ಟುಕೊಂಡು ಮುಂದೆ ಇಣುಕಿ, ಸಾವು ಎದುರಾದರೆ ಸದ್ದಿಲ್ಲದೆ ಹಿಂದಿರುಗುವುದು ಈ ಪುಸ್ತಕಗಳ ಓದುಗರೆಲ್ಲರ ಹಳೆಯ ಚಾಳಿ. ಕಾಗದದ ಮೇಲಿನ ಮರುಜೀವ ಅದೇ.

ಆಟದಿಂದ ಬಂದ ಪುಸ್ತಕಗಳು. ಅಮೆರಿಕದ ಸ್ಕೊಲಾಸ್ಟಿಕ್ ಸಂಸ್ಥೆ 1990ರಲ್ಲಿ ತಂದ ‘ವರ್ಲ್ಡ್ಸ್ ಆಫ್ ಪವರ್’ ಸರಣಿ ನಿಂಟೆಂಡೊ ಯಂತ್ರದ ಆಟಗಳನ್ನು ಕಿರು ಕಾದಂಬರಿಗಳಾಗಿಸಿ, ಆಟಕ್ಕೆ ಬೇಕಾದ ಸುಳಿವುಗಳನ್ನೂ ನಡುನಡುವೆ ಅಚ್ಚು ಹಾಕಿತು. ‘ಮೆಟಲ್ ಗೇರ್’ ಪುಸ್ತಕದ ರಕ್ಷಾಪುಟದಲ್ಲಿ ನಾಯಕನ ಕೈಯಲ್ಲಿದ್ದ ಬಂದೂಕನ್ನು ಅಳಿಸಿಹಾಕಲಾಗಿತ್ತು. ‘ಬ್ಲಾಸ್ಟರ್ ಮಾಸ್ಟರ್’ ಪುಸ್ತಕಕ್ಕೆಂದು ಸೃಷ್ಟಿಸಿದ ಈವ್ ಎಂಬ ಪಾತ್ರ ಮುಂದೆ ಆಟದ ಸರಣಿಯೊಳಗೇ ಸೇರಿಕೊಂಡಿತು. ಎರಿಕ್ ನೈಲಂಡ್ ಅವರ ‘ಹೇಲೊ: ದ ಫಾಲ್ ಆಫ್ ರೀಚ್’ (2001), ಮ್ಯಾಕ್ಸ್ ಬ್ರೂಕ್ಸ್ ಅವರ ‘ಮೈನ್‌ಕ್ರಾಫ್ಟ್: ದ ಐಲೆಂಡ್’ (2017) ಇದೇ ಕುಲದವು.

ಏಷ್ಯಾದ ಶಾಖೆ

ಜಪಾನ್, ಕೊರಿಯಾ, ಚೀನಾಗಳಲ್ಲಿ ಈ ಪ್ರಕಾರ ಅಂತರ್ಜಾಲದ ಧಾರಾವಾಹಿಗಳ ಮೂಲಕ ಬೆಳೆಯಿತು. ರೆಕಿ ಕವಾಹರಾ ‘ಸ್ವೋರ್ಡ್ ಆರ್ಟ್ ಆನ್‌ಲೈನ್’ ಕಾದಂಬರಿಯನ್ನು 2002ರಲ್ಲಿ ಸ್ಪರ್ಧೆಯೊಂದಕ್ಕೆ ಬರೆದರೂ ಪುಟಮಿತಿ ಮೀರಿದ್ದರಿಂದ ಜಾಲತಾಣದಲ್ಲಿ ಹಾಕಿಕೊಂಡರು. ಇನ್ನೊಂದು ಕೃತಿಗೆ ಬಹುಮಾನ ಬಂದ ನಂತರ 2009ರಲ್ಲಿ ಇದು ಪುಸ್ತಕವಾಯಿತು, 2012ರಲ್ಲಿ ಅನಿಮೆ (ಜಪಾನಿ ಅನಿಮೇಷನ್) ಆಯಿತು. ಇದರ ಆರಂಭವನ್ನು ಆಮೇಲೆ ಅನುಕರಿಸಿದವರಿಗೆ ಲೆಕ್ಕವಿಲ್ಲ. ಹತ್ತು ಸಾವಿರ ಆಟಗಾರರು ಶಿರಸ್ತ್ರಾಣ ತೊಟ್ಟು ಹೊಸ ಆಟದೊಳಗೆ ಇಳಿದಿದ್ದಾರೆ. ಸಂಜೆಯ ಹೊತ್ತಿಗೆ ಊಟಕ್ಕೆಂದು ಹೊರಡಲು ಒಬ್ಬ ಮೆನು ತೆರೆದರೆ ‘ಲಾಗ್ ಔಟ್’ ಗುಂಡಿ ಇರಬೇಕಾದ ಜಾಗ ಖಾಲಿ. ನೂರು ಅಂತಸ್ತಿನ ಕೋಟೆಯನ್ನು ಗೆಲ್ಲುವವರೆಗೆ ಯಾರೂ ಹೊರಹೋಗುವಂತಿಲ್ಲ, ಒಳಗೆ ಸತ್ತರೆ ಶಿರಸ್ತ್ರಾಣ ಮಿದುಳನ್ನು ಸುಡುತ್ತದೆಂದು ಆಟದ ನಿರ್ಮಾತೃವೇ ಸಾರುತ್ತಾನೆ. ಮರುಜೀವವನ್ನು ಒಂದೇ ಏಟಿಗೆ ಕಿತ್ತುಕೊಂಡ ಈ ಉಪಾಯದ ಬಲದ ಮೇಲೆಯೇ ಇಡೀ ಸರಣಿ ನಿಂತಿದೆ.

ಕೊರಿಯಾದಲ್ಲಿ ನಾಮ್ ಹೀ-ಸುಂಗ್ ಅವರ ‘ಮೂನ್‌ಲೈಟ್ ಸ್ಕಲ್ಪ್ಟರ್’ (2007) ಬಡ ಹುಡುಗನೊಬ್ಬ ಆಟದಿಂದ ಸಂಸಾರ ಸಾಕುವ ಕಥೆ. ಚೀನಾದ ‘ದ ಕಿಂಗ್ಸ್ ಅವತಾರ್’ 2011ರಿಂದ ಧಾರಾವಾಹಿಯಾಗಿ ಬಂತು, ಅದರ ವಸ್ತು ವೃತ್ತಿಪರ ಆಟಗಾರಿಕೆ. ಲಿಯು ಸಿಕ್ಸಿನ್ ಅವರ ‘ತ್ರೀ ಬಾಡಿ ಪ್ರಾಬ್ಲಮ್’ ದೊಡ್ಡವರ ಕಾದಂಬರಿಯಾದರೂ ಮೂರು ಸೂರ್ಯರ ಗ್ರಹವನ್ನು ಓದುಗನಿಗೆ ಪರಿಚಯಿಸುವುದು ಒಂದು ಆಟದ ಮೂಲಕವೇ. ರಷ್ಯಾದಲ್ಲಿ ಸೆರ್ಗೇಯ್ ಲುಕ್ಯಾನೆಂಕೊ ಅವರ ‘ಲ್ಯಾಬಿರಿಂತ್ ಆಫ್ ರಿಫ್ಲೆಕ್ಷನ್ಸ್’ (1997) ದಾರಿ ತೋರಿತು. ನಾಯಕನ ಅಂಕ, ಲೆವೆಲ್, ಸಾಮಗ್ರಿಗಳ ಪಟ್ಟಿಯನ್ನೇ ಕಥನದ ಭಾಗವಾಗಿಸುವ ‘ಲಿಟ್ಆರ್‌ಪಿಜಿ’ ಎಂಬ ಬಗೆಗೆ 2010ರ ದಶಕದ ಆರಂಭದಲ್ಲಿ ಹೆಸರಿಟ್ಟದ್ದೂ ಅಲ್ಲೇ.

ಉಪಯೋಗ ಮತ್ತು ಪ್ರಭಾವ

ಪುಸ್ತಕ ಕಂಡರೆ ದೂರ ಸರಿಯುವ ಮಕ್ಕಳನ್ನು ಓದಿಗೆ ಹಚ್ಚಲು ಗ್ರಂಥಪಾಲಕರೂ ಶಿಕ್ಷಕರೂ ಈ ಕಥೆಗಳನ್ನು ಬಳಸುತ್ತಾರೆ. ಚಿಕ್ಕ ಅಧ್ಯಾಯ, ಪ್ರತಿ ಅಧ್ಯಾಯದ ಕೊನೆಗೊಂದು ಅಪಾಯ, ಮಗುವಿಗೆ ಮೊದಲೇ ಗೊತ್ತಿರುವ ನಿಯಮಗಳು, ಇವು ಓದಿನ ಭಾರ ಇಳಿಸುತ್ತವೆ. ಆಟವಾಡುವ ಮಕ್ಕಳು ಓದುವುದೇ ಇಲ್ಲ ಎಂಬ ನಂಬಿಕೆಗೂ ಆಧಾರ ಸಾಲದು. ಬ್ರಿಟನ್ನಿನ ನ್ಯಾಷನಲ್ ಲಿಟರಸಿ ಟ್ರಸ್ಟ್ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಆಟವಾಡುವ ಮಕ್ಕಳ ಪೈಕಿ ಸುಮಾರು ಐವರಲ್ಲಿ ನಾಲ್ವರು ಆಟಕ್ಕೆ ಸಂಬಂಧಿಸಿದ ಬರಹಗಳನ್ನು ಓದುತ್ತಿದ್ದುದು ಕಂಡುಬಂತು. ಆಟಗಳು ಕಲಿಕೆಗೆ ಹೇಳಿಕೊಡುವುದೇನು ಎಂಬುದನ್ನು ಅಮೆರಿಕದ ಭಾಷಾವಿದ್ವಾಂಸ ಜೇಮ್ಸ್ ಪಾಲ್ ಜೀ 2003ರಷ್ಟು ಹಿಂದೆಯೇ ಪುಸ್ತಕವಾಗಿ ಬರೆದಿದ್ದರು.

ಕಥೆ ಹೊರಜಗತ್ತನ್ನು ತಟ್ಟಿದ ಉದಾಹರಣೆಗಳೂ ಉಂಟು. ‘ವಾರ್‌ಗೇಮ್ಸ್’ ಬಿಡುಗಡೆಯಾದ ವಾರಾಂತ್ಯದಲ್ಲೇ ಅದನ್ನು ನೋಡಿದ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್, ಹೀಗೆ ನಿಜಕ್ಕೂ ಆಗಬಹುದೇ ಎಂದು ಸೇನಾಧಿಕಾರಿಗಳನ್ನು ಕೇಳಿದರು. ಆ ವಿಚಾರಣೆಯ ಫಲವಾಗಿ 1984ರಲ್ಲಿ ಸರ್ಕಾರಿ ಕಂಪ್ಯೂಟರುಗಳ ಭದ್ರತೆಯ ಬಗ್ಗೆ ರಾಷ್ಟ್ರೀಯ ನಿರ್ದೇಶನವೊಂದು ಹೊರಟಿತು. ನೀಲ್ ಸ್ಟೀಫನ್‌ಸನ್ ‘ಸ್ನೋ ಕ್ರ್ಯಾಶ್’ (1992) ಕಾದಂಬರಿಯಲ್ಲಿ ಕಂಪ್ಯೂಟರ್ ಕಟ್ಟಿದ ಕಲ್ಪಿತ ಲೋಕಕ್ಕೆ ಬಳಸಿದ ‘ಮೆಟಾವರ್ಸ್’ ಎಂಬ ಹೆಸರಿನ ಬೆನ್ನುಹತ್ತಿ 2021ರಲ್ಲಿ ಫೇಸ್‌ಬುಕ್ ಕಂಪನಿ ‘ಮೆಟಾ’ ಆಯಿತು. ಅದಕ್ಕೂ ಮುಂಚೆ, 2014ರಲ್ಲಿ, ಆ ಕಂಪನಿ ವರ್ಚುವಲ್ ರಿಯಾಲಿಟಿ ಶಿರಸ್ತ್ರಾಣ ತಯಾರಿಸುವ ಆಕ್ಯುಲಸ್ ಅನ್ನು ಕೊಂಡಿತ್ತು. ಆಕ್ಯುಲಸ್‌ನ ಸ್ಥಾಪಕ ಪಾಮರ್ ಲಕಿ, ಕವಾಹರಾ ಕಾದಂಬರಿಯ ಆಟ ಶುರುವಾಗುವ ದಿನವಾದ 2022ರ ನವೆಂಬರ್ 6ರ ನೆನಪಿಗೆ ಸ್ಫೋಟಕ ಜೋಡಿಸಿದ ಶಿರಸ್ತ್ರಾಣವೊಂದನ್ನು ತಯಾರಿಸಿ ಪ್ರಕಟಿಸಿದರು. ಅದು ಪ್ರದರ್ಶನಕ್ಕಷ್ಟೇ ಇತ್ತು, ತೊಡುವುದಕ್ಕಲ್ಲ.

ಟೀಕೆಗಳು

ಹಿಂಸೆ ಮೊದಲ ಆಕ್ಷೇಪ. ಆದರೆ ಈ ಪ್ರಕಾರದ ಒಳ್ಳೆಯ ಕೃತಿಗಳು ಆಟದ ಹಿಂಸೆಯನ್ನೇ ಪ್ರಶ್ನಿಸಿವೆ ಎಂಬುದನ್ನು ಕಾರ್ಡ್, ಪ್ರಾಚೆಟ್, ರೂಬಿನ್‌ಸ್ಟೈನ್ ಕೃತಿಗಳು ತೋರಿಸುತ್ತವೆ. ಹುಡುಗಿಯರಿಗೆ ಬಹುಮಾನದ ಸ್ಥಾನ ಕೊಡುವ ಚಾಳಿ ಎರಡನೆಯದು, ಅದು ಹೆಚ್ಚು ನ್ಯಾಯವಾದ ಆಕ್ಷೇಪ. ವ್ಯಾಂಡೆ ವೆಲ್ಡೆ, ಮೇರಿ ಲು ಅವರಂಥವರ ನಾಯಕಿಯರು ಬಂದ ಮೇಲೆ ಸ್ವಲ್ಪ ಬದಲಾವಣೆ ಕಂಡಿದೆ. ಮೂರನೆಯದು ಗೀಳಿನ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ ಆಟದ ಗೀಳನ್ನು 2019ರಲ್ಲಿ ಅಂಗೀಕರಿಸಿದ ರೋಗವರ್ಗೀಕರಣದಲ್ಲಿ ಸೇರಿಸಿತು; ಅದು 2022ರ ಜನವರಿಯಿಂದ ಜಾರಿಗೆ ಬಂತು. ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೂ ಮೊದಲೇ, 2014ರಲ್ಲಿ, ತಂತ್ರಜ್ಞಾನದ ಅತಿಬಳಕೆಗೆಂದೇ ‘ಷಟ್’ ಕ್ಲಿನಿಕ್ ತೆರೆದಿತ್ತು. ವಿಚಿತ್ರವೆಂದರೆ, ಆಟದಿಂದ ಹೊರಬರಲಾಗದ ಸ್ಥಿತಿಯೇ ಈ ಕಥೆಗಳ ಅಚ್ಚುಮೆಚ್ಚಿನ ವಸ್ತುವಾದರೂ ಅದನ್ನು ಯಂತ್ರದ ದೋಷವಾಗಿ ತೋರಿಸುವವರೇ ಹೆಚ್ಚು, ಆಡುವವನ ಮನಸ್ಸಿನ ಸಂಗತಿಯಾಗಿ ಬರೆದವರು ಕಡಿಮೆ.

ಭಾರತ ಮತ್ತು ಕನ್ನಡ

ಭಾರತದಲ್ಲಿ ಈ ವಸ್ತು ವ್ಯಾಪಕವಾಗಿ ಜನರಿಗೆ ತಲುಪಿದ್ದು ಅನುಭವ್ ಸಿನ್ಹಾ ನಿರ್ದೇಶನದ ಹಿಂದಿ ಚಿತ್ರ ‘ರಾ.ವನ್’ (2011) ಮೂಲಕ. ಮಗನಿಗೆ ಇಷ್ಟವಾಗಲೆಂದು ತಂದೆ ಸೋಲಿಲ್ಲದ ಖಳನನ್ನು ಸೃಷ್ಟಿಸುತ್ತಾನೆ, ಖಳ ಆಟದಿಂದ ಹೊರಬಂದು ಮಗನನ್ನೇ ಬೆನ್ನಟ್ಟುತ್ತಾನೆ. ಇಂಗ್ಲಿಷಿನಲ್ಲಿ ಸಮಿತ್ ಬಸು ಅವರ ‘ಗೇಮ್‌ವರ್ಲ್ಡ್’ ಕಾದಂಬರಿ ತ್ರಯ 2003ರಿಂದ ಬಂತು. ದೇವತೆಗಳು ಜಗತ್ತನ್ನೇ ಆಟವಾಗಿ ಆಡುವ ಕಲ್ಪನೆ ಅದರದು.

ಕನ್ನಡದಲ್ಲಿ ವೈಜ್ಞಾನಿಕ ಕಥಾಸಾಹಿತ್ಯಕ್ಕೆ ರಾಜಶೇಖರ ಭೂಸನೂರಮಠ ಅವರಂಥ ಲೇಖಕರು ಬುನಾದಿ ಹಾಕಿದ್ದಾರೆ. ಇಂದ್ರಜಾಲ ಕಾಮಿಕ್ಸ್‌ನ ಕನ್ನಡ ಆವೃತ್ತಿಗಳು ಒಂದು ತಲೆಮಾರಿನ ಮಕ್ಕಳಿಗೆ ಚಿತ್ರಸಾಹಸದ ರುಚಿ ಹತ್ತಿಸಿದ್ದವು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಮಾಸಿಕ ಮಕ್ಕಳಿಗೆ ವಿಜ್ಞಾನವನ್ನು ಕನ್ನಡದಲ್ಲಿ ಕೊಡುತ್ತ ಬಂದಿದೆ. ಇಷ್ಟಾದರೂ ವಿಡಿಯೊ ಗೇಮನ್ನು ನೆಲೆಯಾಗಿಟ್ಟ ಮಕ್ಕಳ ಸಾಹಸ ಕಥೆ ಕನ್ನಡದಲ್ಲಿ ಒಂದು ಪರಂಪರೆಯಾಗಿ ಬೆಳೆದಿಲ್ಲ. ಕರ್ನಾಟಕದ ಮಕ್ಕಳು ಈ ಪುಸ್ತಕಗಳನ್ನು ಓದುವುದು ಬಹುತೇಕ ಇಂಗ್ಲಿಷಿನಲ್ಲೇ, ಆಡುವ ಆಟಗಳ ಮೆನು, ಮಾತುಗಳೂ ಇಂಗ್ಲಿಷಿನವೇ.

ಇಂದಿನ ಸ್ಥಿತಿ

ಜಗತ್ತಿನಾದ್ಯಂತ ಪುಸ್ತಕ, ಆಟ, ಅನಿಮೆ, ಸಿನಿಮಾಗಳ ನಡುವಿನ ಗಡಿ ಈಗ ತೆಳುವಾಗಿದೆ. 2020ರಲ್ಲಿ ‘ರೆಡಿ ಪ್ಲೇಯರ್ ಟು’ ಬಂತು. ‘ಮೈನ್‌ಕ್ರಾಫ್ಟ್’ ಕಾದಂಬರಿಗಳ ಸಾಲು ಬೆಳೆಯುತ್ತಿದೆ, ಅದೇ ಆಟದ ಚಲನಚಿತ್ರ 2025ರಲ್ಲಿ ತೆರೆಕಂಡಿತು. ಹೊಸ ಲೇಖಕರಲ್ಲಿ ಅನೇಕರು ಜಾಲತಾಣದಲ್ಲಿ ಅಧ್ಯಾಯವೊಂದೊಂದಾಗಿ ಬರೆದು, ಓದುಗರನ್ನು ಗಳಿಸಿಕೊಂಡ ಮೇಲೆ ಅಚ್ಚಿಗೆ ಹೋಗುತ್ತಾರೆ.

ಆಟ ತಯಾರಿಕೆಯಲ್ಲಿ ಬೆಂಗಳೂರಿನ ಪಾತ್ರ ಚಿಕ್ಕದಲ್ಲ. ರಾಜೇಶ್ ರಾವ್ 1997ರಲ್ಲಿ ಇಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಸಂಸ್ಥೆಯ ಕಲಾವಿದರು ‘ಫೋರ್ಜಾ’ದಂಥ ಜಗತ್ಪ್ರಸಿದ್ಧ ಆಟಗಳಿಗೆ ಕೆಲಸ ಮಾಡಿದ್ದಾರೆ, 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕಂಪನಿ ಕೊಂಡಿತು. ಅನಿಮೇಷನ್, ದೃಶ್ಯಪರಿಣಾಮ, ಗೇಮಿಂಗ್ ಮತ್ತು ಕಾಮಿಕ್ಸ್ ಕ್ಷೇತ್ರಕ್ಕೆಂದೇ ದೇಶದಲ್ಲಿ ಮೊದಲು ನೀತಿ ರೂಪಿಸಿದ್ದೂ ಕರ್ನಾಟಕ ಸರ್ಕಾರ, 2012ರಲ್ಲಿ. ಕನ್ನಡದ ಮಕ್ಕಳ ನಡುವೆ ಮನೆಮಾತಾದ ಒಂದು ವಿಡಿಯೊ ಗೇಮ್ ಸಾಹಸ ಕಾದಂಬರಿ ಮಾತ್ರ ಇನ್ನೂ ಬರಬೇಕಾಗಿದೆ.